ಮೊಣಕಾಲೂರಿದವರು ಎದ್ದು ನಡೆದಾಗ

ಅಮೆರಿಕದ ಫಿಲಡೆಲ್ಫಿಯಾ ನಗರಕ್ಕೆ ಬರುವ ಪ್ರವಾಸಿಗರು ತಪ್ಪದೆ ನೋಡುವ ಕಟ್ಟಡ ಇಂಡಿಪೆಂಡೆನ್ಸ್ ಹಾಲ್. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಒಪ್ಪಿಗೆ ದೊರೆತದ್ದು ಇಲ್ಲಿಯೇ. ಎದುರಿಗೇ ಬಿರುಕು ಬಿಟ್ಟ ಲಿಬರ್ಟಿ ಬೆಲ್ ಇದೆ. ಕ್ಯಾಮೆರಾ ಹಿಡಿದವರ ಸಾಲು ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಐದನೇ ಬೀದಿಯಲ್ಲಿ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದು ವಾಲ್ನಟ್ ಬೀದಿಯನ್ನು ದಾಟಿದರೆ ಕಂಬವೊಂದರ ಮೇಲೆ ನೀಲಿ ಬಣ್ಣದ ಫಲಕ ಕಾಣುತ್ತದೆ. ಅದರ ಮುಂದೆ ನಿಲ್ಲುವವರು ಕಡಿಮೆ. ಒಂದು ಕಾಲಕ್ಕೆ ಇಲ್ಲಿದ್ದ ಚರ್ಚ್ ಈಗ ಇಲ್ಲಿಲ್ಲ. ಆದರೆ ಆ ಚರ್ಚಿನ ಸಭೆ ಮಾತ್ರ ಇಂದಿಗೂ ಜೀವಂತವಾಗಿದೆ. ಅದರ ಹೆಸರು ಆಫ್ರಿಕನ್ ಎಪಿಸ್ಕೋಪಲ್ ಚರ್ಚ್ ಆಫ್ ಸೇಂಟ್ ಥಾಮಸ್.

ಎಪಿಸ್ಕೋಪಲ್ ಎಂಬ ಪದ ನಮ್ಮ ಕಿವಿಗೆ ಅಪರಿಚಿತ. ಅದರ ಅರ್ಥ ಬಿಷಪ್‌ರ ಆಡಳಿತಕ್ಕೆ ಒಳಪಟ್ಟದ್ದು ಎಂದು. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚೇ ಅಮೆರಿಕದಲ್ಲಿ ಈ ಹೆಸರು ಪಡೆಯಿತು. ಸ್ವಾತಂತ್ರ್ಯ ಸಮರದ ನಂತರ ಇಂಗ್ಲೆಂಡಿನ ದೊರೆಗೆ ನಿಷ್ಠೆ ತೋರುವ ಚರ್ಚನ್ನು ಅಮೆರಿಕನ್ನರು ಇಟ್ಟುಕೊಳ್ಳುವಂತಿರಲಿಲ್ಲ. ಹಾಗಾಗಿ 1789ರಲ್ಲಿ ಇದೇ ಫಿಲಡೆಲ್ಫಿಯಾದಲ್ಲಿ ಸಭೆ ಸೇರಿ ಸ್ವತಂತ್ರ ಸಂಘಟನೆ ಮಾಡಿಕೊಂಡರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಕೂಡ ಮೂಲತಃ ಇದೇ ಆಂಗ್ಲಿಕನ್ ಪರಂಪರೆಯದು. 1947ರಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್ನರು ಬೇರೆ ಪ್ರಾಟೆಸ್ಟೆಂಟ್ ಪಂಗಡಗಳೊಡನೆ ಕೂಡಿ ಸಿ.ಎಸ್.ಐ. ಆದರು.

ಆದರೆ ಸೇಂಟ್ ಥಾಮಸ್ ಚರ್ಚನ್ನು ಕಟ್ಟಿದವರು ದೊರೆಗಳೂ ಅಲ್ಲ, ಸೇನಾಧಿಕಾರಿಗಳೂ ಅಲ್ಲ. ನಿನ್ನೆ ಮೊನ್ನೆಯವರೆಗೆ ಸಂತೆಯಲ್ಲಿ ಮಾರಾಟವಾಗುತ್ತಿದ್ದ ಜನ.

ಕಾಸು ಕೂಡಿಸಿ ಕೊಂಡ ಪುಸ್ತಕ

ಅಬ್ಸಲೋಮ್ ಜೋನ್ಸ್ ಹುಟ್ಟಿದ್ದು 1746ರಲ್ಲಿ, ಡೆಲವೇರ್ ಪ್ರಾಂತ್ಯದ ಒಂದು ಜಮೀನಿನಲ್ಲಿ, ಗುಲಾಮನಾಗಿ. ಚಿಕ್ಕವನಿದ್ದಾಗಲೇ ಹೊಲದ ಕೆಲಸದಿಂದ ತೆಗೆದು ಮನೆಗೆಲಸಕ್ಕೆ ಹಾಕಿದರು. ಮನೆಗೆ ಬಂದ ಅತಿಥಿಗಳು ಕೈಗಿಡುತ್ತಿದ್ದ ಪುಡಿಗಾಸನ್ನು ಆ ಹುಡುಗ ತಿಂಡಿಗೆ ಖರ್ಚು ಮಾಡಲಿಲ್ಲ. ಕೂಡಿಟ್ಟು ಅಕ್ಷರಮಾಲೆಯ ಪುಸ್ತಕವೊಂದನ್ನು ಕೊಂಡ. ಆಮೇಲೆ ಕಾಗುಣಿತದ ಪುಸ್ತಕ, ಅನಂತರ ಹೊಸ ಒಡಂಬಡಿಕೆ. ಕಂಡ ಕಂಡವರನ್ನು ಕಾಡಿ ಬೇಡಿ ಓದಲು ಕಲಿತ.

ಹದಿನಾರನೇ ವಯಸ್ಸಿಗೆ, ಅಂದರೆ 1762ರಲ್ಲಿ, ಯಜಮಾನ ಅವನ ತಾಯಿಯನ್ನೂ ಐವರು ಸೋದರರನ್ನೂ ಒಬ್ಬ ಸೋದರಿಯನ್ನೂ ಮಾರಿಬಿಟ್ಟ. ಅಬ್ಸಲೋಮ್‌ನನ್ನು ಮಾತ್ರ ಫಿಲಡೆಲ್ಫಿಯಾಕ್ಕೆ ಕರೆತಂದು ತನ್ನ ಅಂಗಡಿಯಲ್ಲಿ ಇಟ್ಟುಕೊಂಡ. ಹಗಲೆಲ್ಲ ಮೂಟೆ ಹೊತ್ತು, ಸರಕು ಕಟ್ಟಿ, ರಾತ್ರಿ ಶಾಲೆಗೆ ಹೋಗಲು ಆತ ಅನುಮತಿ ಪಡೆದ. ಬರೆಯುವುದನ್ನೂ ಲೆಕ್ಕವನ್ನೂ ಕಲಿತದ್ದು ಹೀಗೆ.

1770ರಲ್ಲಿ ಮೇರಿ ಎಂಬಾಕೆಯೊಡನೆ ಮದುವೆಯಾಯಿತು. ಆಕೆಯೂ ಗುಲಾಮಳೇ. ಇಬ್ಬರಲ್ಲಿ ಯಾರ ಬಿಡುಗಡೆಯನ್ನು ಮೊದಲು ಕೊಳ್ಳಬೇಕು? ಅಂದಿನ ಕಾನೂನಿನಂತೆ ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರು. ತಂದೆ ಸ್ವತಂತ್ರನಾದರೂ ಪ್ರಯೋಜನವಿಲ್ಲ. ಆದ್ದರಿಂದ ಮೊದಲು ಮೇರಿ ಎಂದು ನಿರ್ಧಾರವಾಯಿತು. ಸಾಲ ಮಾಡಿದರು, ಕೈಚಾಚಿದರು, ಹಗಲು ಯಜಮಾನನಿಗೆ ದುಡಿದು ರಾತ್ರಿ ತಮಗಾಗಿ ದುಡಿದರು. ಆ ಸಾಲ ತೀರಲು ಹತ್ತಿರ ಹತ್ತಿರ ಎಂಟು ವರ್ಷ ಹಿಡಿಯಿತು. ಆಮೇಲೆ ತನ್ನ ಬಿಡುಗಡೆಗಾಗಿ ಅಬ್ಸಲೋಮ್ ಮತ್ತೆ ಮತ್ತೆ ಕೇಳಿಕೊಂಡ. ಯಜಮಾನ ಒಪ್ಪಿದ್ದು 1784ರಲ್ಲಿ. ಆಗ ಆತನ ವಯಸ್ಸು ನಲವತ್ತರ ಸಮೀಪ. ಬಿಡುಗಡೆಯಾದ ಮೇಲೂ ಅದೇ ಅಂಗಡಿಯಲ್ಲಿ ಕೆಲಸ ಮಾಡಿದ, ಈ ಬಾರಿ ಸಂಬಳಕ್ಕೆ.

ತಿಂಗಳಿಗೊಂದು ಶಿಲಿಂಗ್

1787ರ ಏಪ್ರಿಲ್‌ನಲ್ಲಿ ಅಬ್ಸಲೋಮ್ ಜೋನ್ಸ್ ಮತ್ತು ಅವರ ಗೆಳೆಯ ರಿಚರ್ಡ್ ಆಲನ್ ಸೇರಿ ಫ್ರೀ ಆಫ್ರಿಕನ್ ಸೊಸೈಟಿ ಎಂಬ ಸಂಘ ಕಟ್ಟಿದರು. ಆಲನ್ ಕೂಡ ದುಡಿದು ತಮ್ಮ ಬಿಡುಗಡೆಯನ್ನು ಕೊಂಡವರು. ನಮ್ಮ ಊರುಗಳ ಚೀಟಿ ಸಂಘ, ಸಹಕಾರ ಸಂಘಗಳನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸದಸ್ಯರು ತಿಂಗಳಿಗೆ ಒಂದು ಬೆಳ್ಳಿ ಶಿಲಿಂಗ್ ಕೊಡಬೇಕು. ಒಂದು ವರ್ಷದ ನಂತರ ಯಾರಾದರೂ ಕಷ್ಟಕ್ಕೆ ಸಿಕ್ಕರೆ ವಾರಕ್ಕೆ ಮೂರು ಶಿಲಿಂಗ್ ಒಂಬತ್ತು ಪೆನ್ಸ್ ಸಹಾಯ ಸಿಗುತ್ತಿತ್ತು. ವಿಧವೆಯರಿಗೂ ಅನಾಥ ಮಕ್ಕಳಿಗೂ ಸಂಘ ಆಸರೆಯಾಯಿತು. ಸರ್ಕಾರದಿಂದಾಗಲಿ ನಗರಸಭೆಯಿಂದಾಗಲಿ ಏನನ್ನೂ ನಿರೀಕ್ಷಿಸುವಂತಿಲ್ಲದ ಜನಕ್ಕೆ ಆ ಒಂದೊಂದು ಶಿಲಿಂಗೇ ವಿಮೆ, ಅದೇ ಪಿಂಚಣಿ.

ಆಗ ಈ ಇಬ್ಬರೂ ನಗರದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿಗೆ ಹೋಗುತ್ತಿದ್ದರು. ಆಲನ್‌ರ ಉಪದೇಶ ಕೇಳಲು ಕಪ್ಪು ಜನರು ಹೆಚ್ಚು ಹೆಚ್ಚಾಗಿ ಬರತೊಡಗಿದರು. ಜಾಗ ಸಾಲದಾದಾಗ ಚರ್ಚಿಗೆ ಹೊಸ ನೆಲಹಾಸು ಹಾಕಿ ಮೇಲಂತಸ್ತು ಕಟ್ಟಿದರು. ಅದಕ್ಕೆ ಕಪ್ಪು ಸದಸ್ಯರೂ ಧಾರಾಳವಾಗಿ ಹಣ ಕೊಟ್ಟರು. ಕೆಲಸ ಮುಗಿದ ಮೇಲೆ ಒಂದು ಭಾನುವಾರ ಬಂದರೆ ಕಪ್ಪು ಜನರೆಲ್ಲ ಮೇಲಂತಸ್ತಿಗೆ ಹೋಗಬೇಕೆಂಬ ಸೂಚನೆ! ಅವರು ಹೋಗಿ ಕುಳಿತ ಜಾಗವೂ ಮೇಲ್ವಿಚಾರಕರಿಗೆ ಸರಿಬರಲಿಲ್ಲ. ಪ್ರಾರ್ಥನೆ ನಡೆಯುತ್ತಿದ್ದಂತೆಯೇ ಮೊಣಕಾಲೂರಿದ್ದ ಜೋನ್ಸ್‌ರನ್ನು ಹಿಡಿದು ಎಬ್ಬಿಸತೊಡಗಿದರು. ಪ್ರಾರ್ಥನೆ ಮುಗಿಯುವವರೆಗಾದರೂ ತಡೆಯಿರಿ ಎಂದು ಜೋನ್ಸ್ ಬೇಡಿಕೊಂಡರೂ ಕೇಳಲಿಲ್ಲ. ಪ್ರಾರ್ಥನೆ ಮುಗಿಯಿತು. ಅಲ್ಲಿದ್ದ ಕಪ್ಪು ಜನರೆಲ್ಲ ಒಟ್ಟಾಗಿ ಎದ್ದು ಹೊರನಡೆದರು. ಮತ್ತೆ ಆ ಚರ್ಚಿಗೆ ಮರಳಲಿಲ್ಲ ಎಂದು ಆಲನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇದು 1787ರಲ್ಲಿ ನಡೆಯಿತೆಂದು ಬಹುಕಾಲ ನಂಬಲಾಗಿತ್ತು. ಆದರೆ ಮೇಲಂತಸ್ತು ಕಟ್ಟಿ ಮುಗಿದದ್ದೇ 1792ರಲ್ಲಿ ಎಂಬುದನ್ನು ಗಮನಿಸಿದ ಇತಿಹಾಸಕಾರರು ಘಟನೆಯನ್ನು ಆ ವರ್ಷಕ್ಕೆ ತರುತ್ತಾರೆ. ತಮ್ಮದೇ ಆದ ಚರ್ಚ್ ಬೇಕೆಂಬ ಯೋಚನೆ 1791ರಲ್ಲೇ ಮೊಳೆತಿತ್ತು. ಅವಮಾನ ಆ ಯೋಚನೆಯನ್ನು ಹಟವನ್ನಾಗಿ ಮಾಡಿತು.

ಊಟದ ಮೇಜು, ಸಾವಿನ ಬಂಡಿ

ಐದನೇ ಬೀದಿಯಲ್ಲಿ ನಿವೇಶನ ಕೊಂಡು 1793ರಲ್ಲಿ ಕಟ್ಟಡ ಆರಂಭಿಸಿದರು. ನಗರದ ಹೆಸರಾಂತ ವೈದ್ಯ, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಬೆಂಜಮಿನ್ ರಶ್ ಬೆಂಬಲಕ್ಕೆ ನಿಂತರು. ಆಗಸ್ಟ್ 22ರಂದು ಛಾವಣಿ ಏರಿಸಿದ ಸಂತೋಷಕ್ಕೆ ಊಟ ಏರ್ಪಾಡಾಯಿತು. ಮರಗಳ ನೆರಳಲ್ಲಿ ಹಾಕಿದ ಮೇಜಿನಲ್ಲಿ ಸುಮಾರು ನೂರು ಜನ ಬಿಳಿಯರು ಕುಳಿತರು. ಅವರಲ್ಲಿ ಹೆಚ್ಚಿನವರು ಬಡಗಿಗಳು. ಕಪ್ಪು ಜನ ಬಡಿಸಿದರು. ಆಮೇಲೆ ಕಪ್ಪು ಜನ ಕುಳಿತರು, ಬಿಳಿಯ ಗಣ್ಯರು ನಿಂತು ಬಡಿಸಿದರು! ಆ ಕಾಲದ ಅಮೆರಿಕದಲ್ಲಿ ಇಂಥ ಪಂಕ್ತಿ ಎಲ್ಲೂ ಕಾಣಸಿಗದ ನೋಟ.

ಆದರೆ ಆ ಹೊತ್ತಿಗಾಗಲೇ ಬಂದರಿನ ಸಮೀಪದ ಓಣಿಗಳಲ್ಲಿ ಹಳದಿ ಜ್ವರ ಕಾಲಿಟ್ಟಿತ್ತು. ವಾರಗಳು ಕಳೆಯುವುದರೊಳಗೆ ಊರು ಸ್ಮಶಾನವಾಯಿತು. ಫಿಲಡೆಲ್ಫಿಯಾ ಆಗ ದೇಶದ ರಾಜಧಾನಿ. ಅಧ್ಯಕ್ಷ ವಾಷಿಂಗ್ಟನ್ ಸೇರಿದಂತೆ ಸಾವಿರಾರು ಜನ ಊರು ಬಿಟ್ಟರು. ಗಂಡ ಹೆಂಡತಿಯನ್ನು, ಮಗ ತಂದೆಯನ್ನು ಬಿಟ್ಟು ಓಡಿದ ಕಥೆಗಳು ದಾಖಲಾಗಿವೆ. ಸುಮಾರು ಐವತ್ತು ಸಾವಿರ ಜನಸಂಖ್ಯೆಯ ನಗರದಲ್ಲಿ ಸತ್ತವರು ಐದು ಸಾವಿರದಷ್ಟು.

ಕಪ್ಪು ಜನರಿಗೆ ಈ ಜ್ವರ ತಗಲುವುದಿಲ್ಲ ಎಂದು ಡಾಕ್ಟರ್ ರಶ್ ನಂಬಿದ್ದರು. ರೋಗಿಗಳ ಆರೈಕೆಗೆ ಬರುವಿರಾ ಎಂದು ಅವರು ಜೋನ್ಸ್ ಮತ್ತು ಆಲನ್‌ರನ್ನು ಕೇಳಿದರು. ಫ್ರೀ ಆಫ್ರಿಕನ್ ಸೊಸೈಟಿಯವರು ಮನೆ ಮನೆ ಹೊಕ್ಕರು. ರೋಗಿಗಳಿಗೆ ನೀರು ಕುಡಿಸಿದರು, ಹೆಣಗಳನ್ನು ಬಂಡಿಗೆ ಹೇರಿದರು, ಗುಂಡಿ ತೋಡಿದರು. ಹೆತ್ತವರು ಸತ್ತ ಮನೆಗಳಲ್ಲಿ ಅಳುತ್ತಿದ್ದ ಮಕ್ಕಳನ್ನು ಎತ್ತಿ ತಂದರು. ವೈದ್ಯರ ಸೂಚನೆಯಂತೆ ನೂರಾರು ರೋಗಿಗಳ ರಕ್ತ ಹೊರತೆಗೆಯುವ ಚಿಕಿತ್ಸೆಯನ್ನೂ ಮಾಡಿದರು. ಆ ಚಿಕಿತ್ಸೆ ನಿರರ್ಥಕವಾಗಿತ್ತು ಎಂಬುದು ಈಗ ಗೊತ್ತಾಗಿದೆ. ಹಳದಿ ಜ್ವರ ಸೊಳ್ಳೆಯಿಂದ ಹರಡುತ್ತದೆಂದು ಕ್ಯೂಬಾದ ಕಾರ್ಲೋಸ್ ಫಿನ್ಲೆ 1881ರಲ್ಲಿ ಸೂಚಿಸಿದರು. 1900ರಲ್ಲಿ ವಾಲ್ಟರ್ ರೀಡ್ ತಂಡ ಅದನ್ನು ಸಾಬೀತು ಮಾಡಿತು.

ರಶ್ ಅವರ ನಂಬಿಕೆಯೂ ಸುಳ್ಳಾಯಿತು. 1792ರಲ್ಲಿ ಹೂಳಲಾದ ಕಪ್ಪು ಜನರು 67. 1793ರಲ್ಲಿ ಆ ಸಂಖ್ಯೆ 305.

ಹಿಮ ಬಿದ್ದು ಜ್ವರ ಅಡಗಿದ ಮೇಲೆ ಕೃತಜ್ಞತೆಯ ಬದಲು ಅಪವಾದ ಬಂತು. ಪ್ರಕಾಶಕ ಮ್ಯಾಥ್ಯೂ ಕೇರಿ ತಮ್ಮ ಪುಸ್ತಿಕೆಯಲ್ಲಿ ಜೋನ್ಸ್ ಮತ್ತು ಆಲನ್‌ರನ್ನು ಹೊಗಳಿದರೂ, ಕಪ್ಪು ದಾದಿಯರಲ್ಲಿ ಕೆಲವರು ರೋಗಿಗಳಿಂದ ಹಣ ಕಿತ್ತರು, ಕಳವು ಮಾಡಿದರು ಎಂದು ಬರೆದರು. ಪುಸ್ತಿಕೆ ಬಿಸಿ ದೋಸೆಯಂತೆ ಮಾರಾಟವಾಯಿತು. ಗೆಳೆಯರಿಬ್ಬರೂ ಬೀದಿಗಿಳಿದು ಜಗಳವಾಡಲಿಲ್ಲ. 1794ರ ಜನವರಿಯಲ್ಲಿ ತಮ್ಮದೇ ಪುಸ್ತಿಕೆ ಅಚ್ಚು ಹಾಕಿಸಿ ಲೆಕ್ಕ ಮುಂದಿಟ್ಟರು. ಹೆಣ ಹೂಳುವ ಕೆಲಸಕ್ಕೆ ಬಂದ ಹಣ 233 ಪೌಂಡ್. ಶವಪೆಟ್ಟಿಗೆಗೂ ಕೂಲಿಯವರಿಗೂ ಆದ ವೆಚ್ಚ 411 ಪೌಂಡ್. ಉಳಿದ 177 ಪೌಂಡ್ ಇವರ ಕೈಯಿಂದಲೇ ಹೋಗಿತ್ತು. ಅಂಗಡಿಯಲ್ಲಿ ಕಲಿತ ಲೆಕ್ಕ ಇಡೀ ಸಮುದಾಯದ ಮಾನ ಉಳಿಸಲು ಒದಗಿತು.

ಮೂರು ಷರತ್ತು

1794ರ ಜುಲೈ 17ರಂದು ಚರ್ಚ್ ತೆರೆಯಿತು. ಆದರೆ ಅದು ಯಾವ ಪಂಗಡಕ್ಕೆ ಸೇರಬೇಕು? ಇಲ್ಲಿ ಗೆಳೆಯರ ದಾರಿ ಕವಲೊಡೆಯಿತು. ಮೆಥಡಿಸ್ಟರಿಂದ ನೊಂದಿದ್ದ ಬಹುಮಂದಿ ಎಪಿಸ್ಕೋಪಲ್ ಪಂಗಡವನ್ನು ಆರಿಸಿದರು. ಪಾದ್ರಿಯಾಗುವಂತೆ ಮೊದಲು ಆಲನ್‌ರನ್ನು ಕೇಳಿದರು. ತಾನು ಮೆಥಡಿಸ್ಟನಾಗಿಯೇ ಉಳಿಯುವೆನೆಂದು ಅವರು ಒಪ್ಪಲಿಲ್ಲ. ಜೋನ್ಸ್ ಒಪ್ಪಿದರು. ಅದೇ ಜುಲೈ 29ರಂದು ಆರನೇ ಬೀದಿಯಲ್ಲಿ ಆಲನ್‌ರ ಬೆತೆಲ್ ಚರ್ಚ್ ಆರಂಭವಾಯಿತು. ಅದೇ ಮುಂದೆ ದೊಡ್ಡ ಪಂಗಡವಾಗಿ ಬೆಳೆಯಿತು. ಪಂಗಡ ಬೇರೆಯಾದರೂ ಸ್ನೇಹ ಮುರಿಯಲಿಲ್ಲ. 1816ರಲ್ಲಿ ಆಲನ್ ಬಿಷಪ್ ಆದಾಗ ಆಶೀರ್ವದಿಸಿದವರಲ್ಲಿ ಜೋನ್ಸ್ ಕೂಡ ಒಬ್ಬರು.

ಸೇಂಟ್ ಥಾಮಸ್ ಸಭೆ ಎಪಿಸ್ಕೋಪಲ್ ಬಿಷಪ್ ವಿಲಿಯಂ ವೈಟ್ ಅವರ ಮುಂದೆ ಮೂರು ಷರತ್ತು ಇಟ್ಟಿತು. ತಮ್ಮನ್ನು ಬಿಡಿಬಿಡಿಯಾಗಿ ಅಲ್ಲ, ಒಂದು ಸಭೆಯಾಗಿಯೇ ಸೇರಿಸಿಕೊಳ್ಳಬೇಕು. ಚರ್ಚಿನ ಆಡಳಿತ ಎಂದೆಂದಿಗೂ ತಮ್ಮ ಕೈಯಲ್ಲೇ ಇರಬೇಕು. ತಮ್ಮವರಲ್ಲೇ ಒಬ್ಬರಿಗೆ ಆರಾಧನೆ ನಡೆಸಲು ಅನುಮತಿ ಕೊಟ್ಟು, ಅರ್ಹರಾದರೆ ಪಾದ್ರಿಯಾಗಿ ದೀಕ್ಷೆ ಕೊಡಬೇಕು. ಕೈಯಲ್ಲಿ ಕಾಸಿಲ್ಲದ, ಬೆನ್ನಿಗೆ ಕಾನೂನಿಲ್ಲದ ಜನ ಹೀಗೆ ಷರತ್ತು ಹಾಕಿದ್ದು ಸಣ್ಣ ಮಾತಲ್ಲ. ಪರರ ಮನೆಯ ಮೇಲಂತಸ್ತಿಗೆ ಹಣ ಕೊಟ್ಟು ಅವರು ಪಾಠ ಕಲಿತಿದ್ದರು.

ಬಿಷಪ್ ಒಪ್ಪಿದರು. ಪಾದ್ರಿಯಾಗುವವರಿಗೆ ಗ್ರೀಕ್, ಲ್ಯಾಟಿನ್ ಬರಬೇಕೆಂಬ ನಿಯಮವನ್ನೂ ಸಡಿಲಿಸಿದರು. ಆದರೆ ಅದಕ್ಕೆ ಬೆಲೆ ತೆರಬೇಕಾಯಿತು. ಡಯಾಸಿಸ್‌ನ ವಾರ್ಷಿಕ ಮಹಾಸಭೆಗೆ ಪ್ರತಿಯೊಂದು ಪ್ಯಾರಿಷ್ ಪ್ರತಿನಿಧಿಗಳನ್ನು ಕಳುಹಿಸುತ್ತದೆ. ಮತ ಹಾಕುವ ಹಕ್ಕು ಅಲ್ಲಿರುತ್ತದೆ. ಸೇಂಟ್ ಥಾಮಸ್‌ಗೆ ಆ ಹಕ್ಕು ಇಲ್ಲವೆಂದು ತೀರ್ಮಾನವಾಯಿತು. ಚರ್ಚ್ ಬೇರೆಯಾಗಿದ್ದರೂ ಮೇಲಂತಸ್ತು ಮಾತ್ರ ಬೆನ್ನು ಬಿಡಲಿಲ್ಲ!

ಜೋನ್ಸ್ 1795ರಲ್ಲಿ ಡೀಕನ್ ಆದರು. ಕೆಲವು ವರ್ಷಗಳ ನಂತರ ಪಾದ್ರಿಯಾಗಿ ದೀಕ್ಷೆ ಪಡೆದರು. ಎಪಿಸ್ಕೋಪಲ್ ಚರ್ಚಿನಲ್ಲಿ ಪಾದ್ರಿಯಾದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ.

ಒಂದೇ ಒಂದು ಮತ

ಒಂದು ವರ್ಷದೊಳಗೆ ಸಭೆಯ ಸದಸ್ಯರು ನೂರಾರು ಸಂಖ್ಯೆಯಲ್ಲಿ ಬೆಳೆದರು. ಚರ್ಚ್ ಭಾನುವಾರದ ಪ್ರಾರ್ಥನೆಗೆ ಮಾತ್ರ ಮೀಸಲಾಗಲಿಲ್ಲ. ಮಕ್ಕಳಿಗೆ ಹಗಲು ಶಾಲೆ ಬಂತು. ಹೆಂಗಸರ ಸಹಾಯ ಸಂಘ, ಗಂಡಸರ ಸ್ನೇಹ ಸಂಘ ಹುಟ್ಟಿದವು.

ಇದೇ ಚರ್ಚಿನಿಂದ ದೇಶದ ಸಂಸತ್ತಿಗೂ ಒಂದು ಅರ್ಜಿ ಹೋಯಿತು. 1793ರ ಕಾನೂನಿನಂತೆ ಓಡಿಹೋದ ಗುಲಾಮರನ್ನು ಯಾವ ರಾಜ್ಯದಲ್ಲಿದ್ದರೂ ಹಿಡಿದೊಯ್ಯಬಹುದಿತ್ತು. ಅದರ ನೆಪದಲ್ಲಿ ಸ್ವತಂತ್ರರಾದವರನ್ನೂ ಹಿಡಿದು ಮಾರುವ ದಂಧೆ ನಡೆಯುತ್ತಿತ್ತು. ಇದನ್ನು ತಡೆಯಿರಿ, ಗುಲಾಮರ ವ್ಯಾಪಾರ ನಿಲ್ಲಿಸಿ ಎಂದು 1799ರ ಕೊನೆಯಲ್ಲಿ ಜೋನ್ಸ್ ಮತ್ತು ಎಪ್ಪತ್ತಕ್ಕೂ ಹೆಚ್ಚು ಜನ ಸಹಿ ಹಾಕಿದರು. ಬರೆಯಲು ಬಾರದವರು ಗುರುತು ಹಾಕಿದರು. ಕಾಂಗ್ರೆಸ್ ಸೇರುತ್ತಿದ್ದ ಕಟ್ಟಡ ಚರ್ಚಿನಿಂದ ಕೆಲವೇ ನಿಮಿಷಗಳ ನಡಿಗೆ. 1800ರ ಜನವರಿಯಲ್ಲಿ ಅಲ್ಲಿ ಚರ್ಚೆಯಾಗಿ, ಇಂಥ ಅರ್ಜಿಗಳಿಗೆ ಪ್ರೋತ್ಸಾಹ ಕೊಡಬಾರದೆಂದು 85 ಮಂದಿ ಮತ ಹಾಕಿದರು. ವಿರುದ್ಧ ಬಿದ್ದದ್ದು ಒಂದೇ ಮತ. ಮ್ಯಾಸಚೂಸೆಟ್ಸ್‌ನ ಜಾರ್ಜ್ ಥ್ಯಾಚರ್ ಅವರದು.

ಆದರೂ ಎಂಟು ವರ್ಷಗಳ ನಂತರ ಒಂದು ಸಿಹಿ ದಿನ ಬಂತು. ಹೊರದೇಶಗಳಿಂದ ಗುಲಾಮರನ್ನು ತರುವುದನ್ನು ನಿಷೇಧಿಸುವ ಕಾನೂನು 1808ರ ಜನವರಿ 1ರಂದು ಜಾರಿಗೆ ಬಂತು. ಅಂದು ಸೇಂಟ್ ಥಾಮಸ್‌ನಲ್ಲಿ ಜೋನ್ಸ್ ಕೃತಜ್ಞತೆಯ ಉಪದೇಶ ಮಾಡಿದರು. ಅದು ಅಚ್ಚಾಗಿ ಇಂದಿಗೂ ಉಳಿದಿದೆ.

ಸಭೆಯ ಪ್ರಮುಖರಲ್ಲಿ ಜೇಮ್ಸ್ ಫೋರ್ಟನ್ ಒಬ್ಬರು. ಸ್ವಾತಂತ್ರ್ಯ ಸಮರದಲ್ಲಿ ಹದಿಹರೆಯದ ಹುಡುಗನಾಗಿ ಹಡಗು ಹತ್ತಿ, ಬ್ರಿಟಿಷರ ಕೈಗೆ ಸಿಕ್ಕು ಸೆರೆ ಹಡಗಿನಲ್ಲಿ ತಿಂಗಳುಗಟ್ಟಲೆ ಕಳೆದವರು. ಮುಂದೆ ಹಡಗಿನ ಪಟ ಹೊಲಿಯುವ ಕೆಲಸ ಕಲಿತು, ತಾನು ದುಡಿದ ಕಾರ್ಖಾನೆಗೇ ಒಡೆಯರಾದರು. ಅಲ್ಲಿ ಕಪ್ಪು, ಬಿಳಿ ಕೆಲಸಗಾರರು ಜೊತೆಯಲ್ಲಿ ದುಡಿಯುತ್ತಿದ್ದರು. ಗುಲಾಮಗಿರಿಯ ವಿರುದ್ಧ 1831ರಲ್ಲಿ ಆರಂಭವಾದ ‘ಲಿಬರೇಟರ್’ ಪತ್ರಿಕೆಗೆ ಅವರು ಹಣ ಕೊಟ್ಟರು. 1842ರಲ್ಲಿ ಅವರು ತೀರಿಕೊಂಡಾಗ ಅಂತಿಮ ಯಾತ್ರೆಯಲ್ಲಿ ಸಾವಿರಾರು ಜನ, ಬಿಳಿಯರೂ ಸೇರಿದಂತೆ, ಹೆಜ್ಜೆ ಹಾಕಿದರು.

ಟ್ರಾಮಿನಿಂದ ಇಳಿಸಿದ ಮಗು

ಅಬ್ಸಲೋಮ್ ಜೋನ್ಸ್ 1818ರ ಫೆಬ್ರವರಿ 13ರಂದು ನಿಧನರಾದರು. ಮಹಾಸಭೆಯಲ್ಲಿ ಸೇಂಟ್ ಥಾಮಸ್‌ಗೆ ಸ್ಥಾನ ಸಿಗುವುದನ್ನು ಅವರು ಕಾಣಲಿಲ್ಲ. ಅದು ದೊರೆತದ್ದು 1860ರ ದಶಕದಲ್ಲಿ, ದೇಶ ಗುಲಾಮಗಿರಿಯ ಪ್ರಶ್ನೆಗಾಗಿ ಅಂತರ್ಯುದ್ಧದಲ್ಲಿ ಬೇಯುತ್ತಿದ್ದಾಗ. ತಂದೆಯ ಕಾಲದಲ್ಲಿ ಹಾಕಿದ ಅರ್ಜಿಗೆ ಮೊಮ್ಮಗನ ಕಾಲದಲ್ಲಿ ಉತ್ತರ ಬಂದಂತೆ!

ಆ ದಿನಗಳಲ್ಲಿ ಇಲ್ಲಿಯ ಪಾದ್ರಿಯಾಗಿದ್ದವರು ವಿಲಿಯಂ ಆಲ್‌ಸ್ಟನ್. 1864ರ ಜುಲೈ ತಿಂಗಳು. ಅವರ ಪುಟ್ಟ ಮಗ ಸಾವು ಬದುಕಿನ ನಡುವೆ ಇದ್ದ. ನದಿಯ ಗಾಳಿಗೆ ಕರೆದೊಯ್ಯಿರಿ ಎಂದು ವೈದ್ಯರು ಹೇಳಿದ್ದರು. ಡೆಲವೇರ್ ನದಿ ದಾಟಿ ಮರಳುವಾಗ ಮಗು ಪೂರ್ತಿ ಬಸವಳಿಯಿತು. ತಂದೆ ಮಗುವನ್ನೆತ್ತಿಕೊಂಡು ಕುದುರೆ ಎಳೆಯುವ ಟ್ರಾಮು ಹತ್ತಲು ಹೋದರು. ಕಪ್ಪು ಜನರಿಗೆ ಪ್ರವೇಶವಿಲ್ಲವೆಂದು ತಡೆದರು. ಆಲ್‌ಸ್ಟನ್ ಇದನ್ನೆಲ್ಲ ಬರೆದು ನಗರದ ಪತ್ರಿಕೆಗೆ ಕಳುಹಿಸಿದರು. ಆ ಹೊತ್ತಿಗೆ ಫಿಲಡೆಲ್ಫಿಯಾದ ಕಪ್ಪು ತರುಣರು ಸೈನಿಕರಾಗಿ ದೇಶಕ್ಕಾಗಿ ಯುದ್ಧಭೂಮಿಯಲ್ಲಿದ್ದರು. ಅವರನ್ನು ನೋಡಲು ಹೋಗುವ ಮನೆಯವರಿಗೆ ಟ್ರಾಮಿನಲ್ಲಿ ಜಾಗವಿರಲಿಲ್ಲ. ಪತ್ರಗಳು, ಸಭೆಗಳು, ಅರ್ಜಿಗಳು ಒಂದರ ಮೇಲೊಂದು ಬಂದವು. 1867ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಈ ಭೇದವನ್ನು ಕಾನೂನಿನ ಮೂಲಕ ನಿಷೇಧಿಸಿತು.

ಇಂದು

ನಗರ ಬೆಳೆದಂತೆ ಐದನೇ ಬೀದಿ ವ್ಯಾಪಾರದ ಕೇರಿಯಾಯಿತು. ಸದಸ್ಯರು ಬೇರೆ ಬಡಾವಣೆಗಳಿಗೆ ಹೋದರು. ಅವರ ಹಿಂದೆಯೇ ಚರ್ಚೂ ನಡೆಯಿತು. 19ನೇ ಶತಮಾನದ ಕೊನೆಯ ಭಾಗದಲ್ಲಿ 12ನೇ ಬೀದಿಗೆ, 20ನೇ ಶತಮಾನದಲ್ಲಿ ಪಶ್ಚಿಮ ಫಿಲಡೆಲ್ಫಿಯಾಕ್ಕೆ, ಅಲ್ಲಿಂದ ಓವರ್‌ಬ್ರೂಕ್ ಬಡಾವಣೆಯ ಲ್ಯಾಂಕಾಸ್ಟರ್ ಅವೆನ್ಯೂಗೆ. ಕಟ್ಟಡ ಬದಲಾದರೂ ‘ಆಫ್ರಿಕನ್’ ಎಂಬ ಮೊದಲ ಪದವನ್ನು ಸಭೆ ಕೈಬಿಟ್ಟಿಲ್ಲ.

ಸಂಸ್ಥಾಪಕರೂ ಸಭೆಯ ಜೊತೆಯಲ್ಲೇ ಬಂದಿದ್ದಾರೆ. ಹಳೆಯ ಚರ್ಚಿನ ಅಂಗಳದಲ್ಲಿ ಹೂಳಿದ್ದ ಜೋನ್ಸ್ ಅವರ ಅವಶೇಷಗಳನ್ನು ಕಾಲಾಂತರದಲ್ಲಿ ಬೇರೆ ಬೇರೆ ಸ್ಮಶಾನಗಳಿಗೆ ಸಾಗಿಸಲಾಗಿತ್ತು. 1991ರಲ್ಲಿ ಅವನ್ನು ಹೊರತೆಗೆದು ದಹಿಸಿ, ಚಿತಾಭಸ್ಮವನ್ನು ಸಭೆ ತನ್ನ ಬಳಿಗೆ ತಂದುಕೊಂಡಿತು. ಈಗ ಅದು ಚರ್ಚಿನೊಳಗೆ, ಅವರ ಹೆಸರಿನ ವೇದಿಕೆಯಲ್ಲಿದೆ.

ಫೆಬ್ರವರಿ 13 ಈಗ ಎಪಿಸ್ಕೋಪಲ್ ಚರ್ಚಿನ ಪಂಚಾಂಗದಲ್ಲಿ ಜೋನ್ಸ್ ಅವರ ಸ್ಮರಣೆಯ ದಿನ. ಒಮ್ಮೆ ಅವರ ಸಭೆಗೆ ಮತದ ಹಕ್ಕು ಕೊಡಲು ಒಪ್ಪದ ಪಂಗಡವೇ ಇಂದು ದೇಶದುದ್ದಕ್ಕೂ ಅವರನ್ನು ನೆನೆಯುತ್ತದೆ. ಆ ದಿನಗಳಲ್ಲಿ ಅವರ ಹೆಸರಿನಲ್ಲಿ ಕಾಣಿಕೆ ಸಂಗ್ರಹಿಸಿ ಕಪ್ಪು ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಕಾಲೇಜುಗಳಿಗೆ ಕೊಡುವ ಪದ್ಧತಿಯಿದೆ. ಪುಡಿಗಾಸು ಕೂಡಿಸಿ ಅಕ್ಷರಮಾಲೆ ಕೊಂಡ ಹುಡುಗನಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಬೇರೆ ಇರಲಾರದು.